ಖೋಖೋ ತಂಡದ ಅಕೌಂಟ್ಸ್ ಪಾಠ

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ನಾನು ಎರಡು ವಿಷಯಗಳಲ್ಲಿ ನಾಪಾಸಾಗಿದ್ದೆ: ಅರ್ಥಶಾಸ್ತ್ರ ಮತ್ತು ಅಕೌಂಟ್ಸ್. ಅರ್ಥಶಾಸ್ತ್ರದ ಸುದ್ದಿಯನ್ನು ಅಪ್ಪ ಹೇಗೋ ನುಂಗಿಕೊಂಡ. ಅಕೌಂಟ್ಸಿನದನ್ನು ಅವನಿಗೆ ನಂಬಲಾಗಲಿಲ್ಲ. ಧಾರವಾಡದ ಕಡೆಯ ನಮ್ಮೂರಿನಲ್ಲಿ ಪಿಯುಸಿ ಓದುವಾಗ ಆ ವಿಷಯದಲ್ಲಿ ಇಡೀ ಕಾಲೇಜಿಗೆ ನಾನೇ ಮೊದಲು ಬಂದಿದ್ದೆ.

"ಲೆಕ್ಕದಾಗ ನೀ ಹೆಂಗ ನಪಾಸ್ ಆದಿ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ.

"ಪ್ರಶ್ನೆನ ತಿಳೀಲಿಲ್ಲಪ್ಪಾ" ಅಂದೆ. ಗೊತ್ತಿದ್ದ ಲೆಕ್ಕಗಳೇ. ಆದರೆ ಇಂಗ್ಲಿಷ್ ಪ್ರಶ್ನೆಯ ಮೊದಲ ಸಾಲು ದಾಟುವಷ್ಟರಲ್ಲಿ ಹೆದರಿಕೆ ಹತ್ತುತ್ತಿತ್ತು. ಮುಂದಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ಅಪ್ಪ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿದ್ದ. ಆ ವ್ಯಾಪಾರಿ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಅಂಗಡಿ ತೆರೆದಾಗ ನಂಬಿಗಸ್ತ ಮನುಷ್ಯ ಬೇಕೆಂದು ಅಪ್ಪನನ್ನು ಕರೆದುಕೊಂಡು ಬಂದ. ನನ್ನ ಪಿಯುಸಿ ಮುಗಿಯುವುದನ್ನೇ ಕಾದಿದ್ದು ಅವ್ವ ಮತ್ತು ನಾನು ಹಿಂದಿನಿಂದ ಬಂದೆವು. ಬಿಬವೇವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವ್ವನಿಗೆ ಊರು ಬೇಗ ಹೊಂದಿತು. ಕಾಯಿಪಲ್ಯದವಳ ಜೊತೆ ಕನ್ನಡದಲ್ಲಿ ಜಗಳ ತೆಗೆದು ಮರಾಠಿಯಲ್ಲಿ ರಾಜಿಯಾಗುವಷ್ಟು ಧೈರ್ಯ ಅವಳಿಗಿತ್ತು.

ನನಗೆ ಹೊಂದಲಿಲ್ಲ. ಬಿ.ಕಾಂ. ಮೊದಲ ವರ್ಷದ ತರಗತಿಯಲ್ಲಿ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು. ಪಾಠ ಇಂಗ್ಲಿಷಿನಲ್ಲಿ, ತಮಾಷೆ ಮರಾಠಿಯಲ್ಲಿ. ಎಲ್ಲರೂ ನಕ್ಕ ಮೇಲೆ ನಾನು ನಗುತ್ತಿದ್ದೆ. ಹಾಜರಿ ಕೂಗಿದಾಗ "ಪ್ರೆಸೆಂಟ್ ಸರ್" ಅನ್ನುತ್ತಿದ್ದೆ. ಎಷ್ಟೋ ದಿನ ಕಾಲೇಜಿನಲ್ಲಿ ನನ್ನ ಬಾಯಿಂದ ಹೊರಟ ಮಾತು ಅದೊಂದೇ. ಒಮ್ಮೆ ಅಕೌಂಟ್ಸ್ ಸರ್ ನನ್ನನ್ನು ಎಬ್ಬಿಸಿ ಪುಸ್ತಕದ ಒಂದು ಲೆಕ್ಕವನ್ನು ಗಟ್ಟಿಯಾಗಿ ಓದಲು ಹೇಳಿದರು. 'ಡಿಪ್ರಿಸಿಯೇಷನ್' ಎಂಬ ಪದವನ್ನು ನಾನು 'ಡೆಪ್ರೆಕೇಷನ್' ಎಂದು ಓದಿದೆ. ನಡುವಿನ ಬೆಂಚುಗಳಲ್ಲಿ ಯಾರೋ ಅದನ್ನು ಹಾಗೆಯೇ ಮತ್ತೊಮ್ಮೆ ಅಂದರು, ತರಗತಿ ನಕ್ಕಿತು. ಸರ್ ನಗಲಿಲ್ಲ. ಪಕ್ಕದವಳಿಗೆ ಓದಲು ಹೇಳಿದರು, ಅಷ್ಟೇ. ಮರುದಿನದಿಂದ ನಾನು ಕೊನೆಯ ಬೆಂಚಿಗೆ ಹೋದೆ.

ಫಲಿತಾಂಶದ ನಂತರ ಅದೇ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಒಳ್ಳೆಯ ಮನುಷ್ಯ. ನನಗೆ ಅರ್ಥವಾಗಲೆಂದು ಹಿಂದಿಯಲ್ಲಿ ನಿಧಾನವಾಗಿ ಮಾತನಾಡಿದರು. "ನೋಡಮ್ಮಾ, ನಿನ್ನ ಊರಿಗೆ ಹೋಗಿ ನಿನ್ನ ಭಾಷೆಯಲ್ಲಿ ಓದಿದರೆ ನಿನಗೇ ಸುಲಭ. ಇಲ್ಲಿ ವರ್ಷ ಹಾಳುಮಾಡಿಕೊಳ್ಳಬೇಡ" ಎಂದರು. ಮನೆಗೆ ಬಂದು ಹೇಳಿದೆ. ಅಪ್ಪನಿಗೂ ಸರಿ ಎನ್ನಿಸಿತು. ಧಾರವಾಡದಲ್ಲಿ ಸೋದರಮಾವನ ಮನೆ ಇತ್ತು. "ಇದೊಂದು ಸೆಮಿಸ್ಟರ್ ನೋಡೂಣು. ಆಗಲಿಲ್ಲಂದ್ರ ಮಾವನ ಕಡೆ ಹೋಗಿಬಿಡು" ಎಂದ. ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು.

ಕಾಲೇಜಿನ ಹಿಂದೆ ಮೈದಾನ, ಅದರ ಒಂದು ಬದಿಗೆ ಕಲ್ಲಿನ ಮೆಟ್ಟಿಲುಗಳು. ಕ್ಲಾಸು ಇಲ್ಲದ ಹೊತ್ತಿನಲ್ಲಿ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಕ್ಯಾಂಟೀನಿನಲ್ಲಿ ಒಬ್ಬಳೇ ಕೂತರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನಿಸುತ್ತಿತ್ತು. ಮೆಟ್ಟಿಲ ಮೇಲೆ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ. ಹುಡುಗಿಯರ ಖೋಖೋ ತಂಡ ಅಲ್ಲಿ ಅಭ್ಯಾಸ ಮಾಡುತ್ತಿತ್ತು. ಒಂದು ಮಧ್ಯಾಹ್ನ ಅವರಲ್ಲಿ ಯಾರೋ ಬಂದಿರಲಿಲ್ಲ. ಸಾಲಿನಲ್ಲಿ ಒಂದು ಚೌಕ ಖಾಲಿ ಉಳಿದಿತ್ತು. ಎತ್ತರದ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ ನನ್ನತ್ತ ಕೂಗಿದಳು. ಮರಾಠಿಯಲ್ಲಿ. ಅವರೊಂದಿಗಿನ ನನ್ನ ಮಾತುಕತೆಯೆಲ್ಲ ಮರಾಠಿಯದೇ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಏ ನೀಲಿ ಡ್ರೆಸ್! ಸುಮ್ಮನೇ ಕೂತಿದ್ದೀಯಲ್ಲ, ಬಾ ಇಲ್ಲಿ. ಈ ಜಾಗದಲ್ಲಿ ಕೂತ್ಕೋ, ಸಾಕು. ಓಡೋದೇನೂ ಬೇಡ."

ನಾನು ಎದ್ದು ಹೋಗಿ ಕೂತೆ. ಬೇಡ ಅನ್ನಲು ಬೇಕಾದ ಮರಾಠಿ ಆ ಕ್ಷಣಕ್ಕೆ ಹೊಳೆಯದೇ ಇದ್ದುದೂ ಒಂದು ಕಾರಣವಿರಬಹುದು. ಸ್ವಲ್ಪ ಹೊತ್ತಿನಲ್ಲೇ ಬೆನ್ನಟ್ಟಿ ಬಂದ ಹುಡುಗಿಯೊಬ್ಬಳು ಅಭ್ಯಾಸಬಲದಿಂದ ನನ್ನ ಬೆನ್ನಿಗೆ ತಟ್ಟಿ "ಖೋ" ಎಂದಳು. ನಾನು ಎದ್ದು ಓಡಿದೆ. ಊರಿನ ಹೈಸ್ಕೂಲಿನಲ್ಲಿ ಮೂರು ವರ್ಷ ಆಡಿದ ಆಟ. ಕಾಲು ಅದನ್ನು ಮರೆತಿರಲಿಲ್ಲ. ಕಂಬ ಸುತ್ತಿ ಬಂದು ಮುಂದೆ ಓಡುತ್ತಿದ್ದವಳನ್ನು ಮುಟ್ಟಿದೆ. ಹುಡುಗಿಯರು ಓ ಎಂದು ಕೂಗಿದರು. ಎತ್ತರದ ಹುಡುಗಿ, ಅವಳೇ ತಂಡದ ಕ್ಯಾಪ್ಟನ್, ಹತ್ತಿರ ಬಂದು ನನ್ನ ಕಾಲನ್ನು ನೋಡಿದಳು. ನಾನು ಚಪ್ಪಲಿ ಯಾವಾಗ ಬಿಟ್ಟಿದ್ದೆನೋ ನನಗೇ ಗೊತ್ತಿರಲಿಲ್ಲ.

"ನಾಳೆ ಬೆಳಿಗ್ಗೆ ಬಾ" ಎಂದಳು.

ಹೋದೆ. ಮರುದಿನವೂ ಹೋದೆ. ಮರಾಠಿಯಲ್ಲಿ ನಾನು ಗಂಡು ಹೆಣ್ಣು ಲಿಂಗ ಕಲಸಿ ಮಾತನಾಡಿದರೆ ಅವರು ನಗುತ್ತಿದ್ದರು. ಆದರೆ ನಕ್ಕು ಸರಿಮಾಡಿ ಹೇಳುತ್ತಿದ್ದರು, ನಾನು ಮತ್ತೊಮ್ಮೆ ಹೇಳುವವರೆಗೂ ಕಾಯುತ್ತಿದ್ದರು. ತರಗತಿಯ ನಗುವಿಗೂ ಇದಕ್ಕೂ ಇದ್ದ ವ್ಯತ್ಯಾಸ ನನಗೆ ಕೂಡಲೇ ತಿಳಿಯಿತು. ಅಲ್ಲಿ ನಕ್ಕ ಮೇಲೆ ಮುಖ ತಿರುಗಿಸುತ್ತಿದ್ದರು.

ಕೆಲವು ವಾರಗಳ ನಂತರ ಪಂದ್ಯಗಳಿಗೆ ಹೆಸರು ಕೊಡುವ ಹೊತ್ತು ಬಂತು. ತಂಡದಲ್ಲಿ ನನ್ನ ಹೆಸರೂ ಇದೆಯೆಂದು ಕ್ರೀಡಾ ವಿಭಾಗದ ಮೇಡಂ ಹೇಳಿದರು. ನಾನು ಹೆದರಿದೆ. ನಾಪಾಸಾದವಳಿಗೆ ಆಟವೊಂದು ಕೇಡು ಎಂದು ಮನೆಯಲ್ಲಿ ಇನ್ನೂ ಯಾರೂ ಅಂದಿರಲಿಲ್ಲ, ಆದರೆ ನಾನೇ ನನಗೆ ಅಂದುಕೊಳ್ಳುತ್ತಿದ್ದೆ. ಮೇಡಂ ಹತ್ತಿರ ಹೋಗಿ, ಎರಡು ವಿಷಯ ಉಳಿದಿವೆ, ಆಟ ಬಿಡುತ್ತೇನೆ ಎಂದೆ.

"ಬಿಡು ಅಂತ ಯಾರಂದ್ರು?"

"ಯಾರೂ ಇಲ್ಲ ಮೇಡಂ."

ಅವರು ಜಿಮಖಾನಾದ ಕೋಣೆಯತ್ತ ಕೈ ತೋರಿಸಿದರು. "ಒಳಗೆ ಕೂತವರಲ್ಲಿ ಯಾರ ಯಾರ ವಿಷಯ ಉಳಿದಿದೆ ಅಂತ ಕೇಳಿ ಬಾ. ಆಮೇಲೆ ಬಿಡೋದರ ಬಗ್ಗೆ ಮಾತಾಡೋಣ."

ಜಿಮಖಾನಾ ಅಂದರೆ ಹಳೆಯ ಉದ್ದನೆಯ ಕೋಣೆ. ಹರಿದ ಮ್ಯಾಟುಗಳು, ಕಬ್ಬಿಣದ ಗುಂಡುಗಳು, ನೋವಿನ ಎಣ್ಣೆಯ ವಾಸನೆ. ಅಭ್ಯಾಸ ಮುಗಿದ ಮೇಲೆ ಹುಡುಗಿಯರು ಅಲ್ಲಿ ಊಟದ ಡಬ್ಬಿ ಬಿಚ್ಚುತ್ತಾರೆಂದು ಗೊತ್ತಿತ್ತು. ನಾನು ಮಾತ್ರ ಅಭ್ಯಾಸ ಮುಗಿದ ಕೂಡಲೇ ಹೊರಟುಬಿಡುತ್ತಿದ್ದೆ, ಯಾರೂ ಕರೆದಿಲ್ಲವಲ್ಲ ಅಂತ. ಅವತ್ತು ಒಳಗೆ ಹೋದಾಗ ಕ್ಯಾಪ್ಟನ್ ಮ್ಯಾಟಿನ ಮೇಲೆ ಕೂತು ಅಕೌಂಟ್ಸ್ ಪುಸ್ತಕ ಓದುತ್ತಿದ್ದಳು. ಪದಗಳ ಕೆಳಗೆ ಬೆರಳಿಟ್ಟು, ಒಂದೊಂದಾಗಿ, ತುಟಿ ಅಲ್ಲಾಡಿಸುತ್ತ. ನಮ್ಮೂರಿನ ಒಂದನೇ ತರಗತಿಯ ಮಕ್ಕಳ ಹಾಗೆ.

ನಾನು ಅವಳನ್ನು ಆವರೆಗೆ ನೋಡಿದ್ದ ಬಗೆಯೇ ಬೇರೆ. ಅವಳು ಎರಡನೇ ವರ್ಷದವಳು. ಕಾರಿಡಾರಿನಲ್ಲಿ ಹೋದರೆ ಇಬ್ಬರು ಮೂವರಾದರೂ ನಿಲ್ಲಿಸಿ ಮಾತನಾಡಿಸುತ್ತಿದ್ದರು. ಪ್ರಿನ್ಸಿಪಾಲರ ಎದುರು ಕೂಡ ದನಿ ತಗ್ಗಿಸದೆ ಮಾತನಾಡುವವಳು.

"ನಿಮ್ಮದೂ ಉಳಿದಿದೆಯಾ?" ಎಂದೆ.

"ಮೊದಲ ವರ್ಷದ ಅಕೌಂಟ್ಸ್. ಎರಡು ಸಲ ಬರೆದೆ." ಅವಳು ತಲೆ ಎತ್ತಲಿಲ್ಲ. "ಹತ್ತನೆಯವರೆಗೂ ಮರಾಠಿ ಮಾಧ್ಯಮ. ಈ ಪುಸ್ತಕದವನು ಒಂದು ಮಾತು ಹೇಳೋಕೆ ಊರೆಲ್ಲ ಸುತ್ತುತ್ತಾನೆ."

"ಆದರೆ ತರಗತಿಯಲ್ಲಿ ಎಲ್ಲರಿಗೂ ತಿಳೀತದಲ್ಲ. ಎಲ್ಲರೂ ತಲೆ ಆಡಿಸ್ತಾರೆ."

ಆಗ ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬಳು, ನನ್ನ ತರಗತಿಯವಳೇ, ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು, ಬಾಯಲ್ಲಿನ ಅವಲಕ್ಕಿ ನುಂಗಿ ಹೇಳಿದಳು: "ನೀನೂ ಆಡಿಸ್ತೀಯಲ್ಲ. ನಿನಗೆ ತಿಳಿದಿತ್ತಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದು ಬಿಬವೇವಾಡಿಯವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಬಂದೆ. ನೂರು ಮಂದಿಯ ತರಗತಿಯಲ್ಲಿ ತಿಳಿಯದವಳು ನಾನೊಬ್ಬಳೇ ಎಂದು ನಾನು ಏಳೆಂಟು ತಿಂಗಳು ನಂಬಿದ್ದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಆದರೂ ಅನುಮಾನವೇ ಬಂದಿರಲಿಲ್ಲ.

ಆಮೇಲೆ ನಾನು ಡಬ್ಬಿ ತೆಗೆದುಕೊಂಡು ಹೋಗತೊಡಗಿದೆ. ಊಟದ ನಂತರ ಪುಸ್ತಕ ತೆರೆಯುವುದು ರೂಢಿಯಾಯಿತು. ಮೊದಲ ದಿನವೇ ಬಂದದ್ದು ಆ ಡಿಪ್ರಿಸಿಯೇಷನ್. ಪುಸ್ತಕದ ವಿವರಣೆ ಅರ್ಧ ಪುಟ ಇತ್ತು. ಕ್ಯಾಪ್ಟನ್ ಅದನ್ನು ಓದಿ ಓದಿ ಸುಸ್ತಾಗಿ ಕೇಳಿದಳು, "ಏನಿದು, ಹೇಳು." ಅವಳ ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಓಡಿಸುತ್ತಾರೆ ಎಂದು ನನಗೆ ಗೊತ್ತಿತ್ತು.

"ನಿಮ್ಮ ಅಪ್ಪನ ಟೆಂಪೋ ಇದೆಯಲ್ಲ, ಅದು ವರ್ಷ ವರ್ಷ ಸವೆಯುತ್ತದೆ. ತಗೊಂಡಾಗಿನ ಬೆಲೆ ಈಗ ಬರೋದಿಲ್ಲ. ಹಾಗೆ ಸವೆದದ್ದನ್ನು ಆ ವರ್ಷದ ಖರ್ಚು ಅಂತ ಬರೀಬೇಕು. ನಾವು ಸವಕಳಿ ಅಂತೀವಿ."

"ಘಸಾರಾ!" ಎಂದಳು. "ಇಷ್ಟೇನಾ? ಇದು ಘಸಾರಾ. ನನಗೆ ಗೊತ್ತಿತ್ತು ಇದು."

ನನಗೂ ಗೊತ್ತಿತ್ತು. ಪಿಯುಸಿಯಲ್ಲಿ ಸವಕಳಿಯ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಪುಣೆಯ ತರಗತಿಯಲ್ಲಿ ಆ ಇಂಗ್ಲಿಷ್ ಪದದ ಮುಂದೆ ಬೆವರುವಾಗ ಅದು ಇದೇ ಎಂದು ಗುರುತು ಹಿಡಿಯುವ ಸಮಾಧಾನವೇ ನನಗೆ ಇರಲಿಲ್ಲ. ಜಮಾ ಎಂಬುದು ಎರಡೂ ಭಾಷೆಗಳಲ್ಲಿ ಜಮಾ ಎಂದು ತಿಳಿದಾಗ ನಮ್ಮಿಬ್ಬರಿಗೂ ಏನೋ ಸಿಕ್ಕಿದಷ್ಟು ಖುಷಿಯಾಯಿತು. ಲೆಕ್ಕವನ್ನು ಮೊದಲು ಮರಾಠಿ ಕನ್ನಡ ಕಲಸಿ ಬಿಡಿಸುವುದು, ಆಮೇಲೆ ಇಂಗ್ಲಿಷ್ ಪ್ರಶ್ನೆಯನ್ನು ಓದುವುದು, ಹೀಗೆ ನಡೆಯಿತು. ಲೆಕ್ಕ ನಾನು ಹೇಳಿಕೊಡುತ್ತಿದ್ದೆ. ಅರ್ಥಶಾಸ್ತ್ರವನ್ನು ನನಗೆ ಕ್ಯಾಪ್ಟನ್ ಹೇಳಿಕೊಡುತ್ತಿದ್ದಳು. ಬೇಡಿಕೆ ಪೂರೈಕೆ ಎಲ್ಲವೂ ಅವಳ ಬಾಯಲ್ಲಿ ಈರುಳ್ಳಿಯ ಕತೆಯಾಗುತ್ತಿತ್ತು.

ಪಂದ್ಯಕ್ಕೆ ಸ್ವಲ್ಪ ದಿನ ಇರುವಾಗ ಕಂಬ ಸುತ್ತುವಾಗ ನನ್ನ ಎಡಗಾಲು ಉಳುಕಿತು. ಪಾದ ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ. ಡಾಕ್ಟರು ಪಟ್ಟಿ ಕಟ್ಟಿ, ಮನೆಯಲ್ಲಿ ಮಲಗು ಎಂದರು. ಅಪ್ಪನಿಗೆ ಇದು ಒಂದು ದಾರಿ ತೋರಿದಂತಾಯಿತು. ಹೇಗೂ ಕಾಲೇಜಿಗೆ ಹೋಗಲು ಆಗುವುದಿಲ್ಲ, ಈಗಲೇ ಮಾವನ ಮನೆಗೆ ಹೋಗಿ ಸುಧಾರಿಸಿಕೊಳ್ಳಲಿ, ಜೂನಿನಲ್ಲಿ ಅಲ್ಲೇ ಸೇರಲಿ ಎಂದ. ಕಾತ್ರಜದಿಂದ ಹೊರಡುವ ಬಸ್ಸಿಗೆ ಟಿಕೆಟನ್ನೂ ಮಾಡಿಸಿದ. ನಾನು ಬೇಡ ಅನ್ನಲಿಲ್ಲ. ಆಡಲಾಗದವಳು ಆ ಕೋಣೆಯಲ್ಲಿ ಯಾವ ಲೆಕ್ಕಕ್ಕೆ ಕೂರಬೇಕು ಎಂದು ನನಗೆ ಅನ್ನಿಸಿತ್ತು. ತಂಡದ ವಾಟ್ಸಾಪ್ ಗುಂಪಿನಲ್ಲಿ "ನಾನು ಊರಿಗೆ ಹೋಗುತ್ತಿದ್ದೇನೆ" ಎಂದು ಬರೆದು ಫೋನ್ ಬದಿಗಿಟ್ಟೆ.

ಮರುದಿನ ಭಾನುವಾರ. ಮಧ್ಯಾಹ್ನ ಬಾಗಿಲಲ್ಲಿ ಗದ್ದಲ ಕೇಳಿ ಅವ್ವ ಹೋಗಿ ನೋಡಿದಳು. ತಂಡದ ಆರು ಮಂದಿ ಬಂದಿದ್ದರು. ನಮ್ಮ ಮನೆಯಲ್ಲಿ ಅಷ್ಟು ಜನ ಕೂರಲು ಜಾಗವೇ ಇರಲಿಲ್ಲ. ಇಬ್ಬರು ನನ್ನ ಹಾಸಿಗೆಯ ಮೇಲೆ, ಒಬ್ಬಳು ಹೊಸ್ತಿಲ ಮೇಲೆ ಕೂತರು. ಅವ್ವ ಮೊದಲು ಗಾಬರಿಯಾದಳು, ಆಮೇಲೆ ಹಂಚು ಇಟ್ಟಳು.

"ರೊಟ್ಟಿ ಬಡೀತೀನಿ, ಉಂಡ ಹೋಗ್ರಿ" ಎಂದು ಕನ್ನಡದಲ್ಲೇ ಹೇಳಿದಳು. ಅವರಿಗೆ ಅರ್ಥವಾಯಿತು.

ಎಲ್ಲರೂ ಕ್ಯಾಪ್ಟನ್‌ಳನ್ನು "ತಾಯಿ, ತಾಯಿ" ಎಂದು ಕರೆಯುವುದನ್ನು ಕೇಳಿ ಅವ್ವ ಒಲೆಯ ಮುಂದಿನಿಂದ ನನ್ನತ್ತ ಬಾಗಿದಳು. "ಇಷ್ಟ್ ಸಣ್ಣಾಕಿಗೆ ಎಲ್ಲಾರೂ ಯಾಕ ತಾಯಿ ಅಂತಾರ?"

"ಮರಾಠ್ಯಾಗ ಅಕ್ಕಗ ಹಂಗ ಅಂತಾರವ್ವಾ" ಅಂದೆ. ಅದನ್ನು ಅವರಿಗೆ ಹೇಳಿದಾಗ ಹೊಸ್ತಿಲ ಮೇಲೆ ಕೂತವಳು ನಕ್ಕು ನಕ್ಕು ಹೊರಗೆ ಉರುಳುವುದೊಂದು ಬಾಕಿ.

ಅಪ್ಪ ಒಳಗಿನ ಕೋಣೆಯಿಂದ ಬಂದು ಗೋಡೆಗೆ ಒರಗಿ ನಿಂತ. ಕ್ಯಾಪ್ಟನ್ ಎದ್ದು ನಿಂತಳು.

"ಕಾಕಾ, ಇವಳನ್ನು ಯಾಕೆ ಕಳಿಸ್ತೀರಿ?"

ಅಪ್ಪ ತನ್ನ ಮಾರ್ಕೆಟ್ ಯಾರ್ಡಿನ ಮರಾಠಿಯಲ್ಲಿ ಹೇಳಿದ: "ಅಲ್ಲಿ ನಮ್ಮ ಜನ ಇದ್ದಾರೆ. ಇಲ್ಲಿ ಅವಳಿಗೆ ಯಾರೂ ಇಲ್ಲ."

"ನಾವಿದ್ದೀವಲ್ಲ" ಎಂದು ಯಾರಾದರೂ ಅನ್ನುತ್ತಾರೆ ಎಂದು ನಾನು ಕಾದೆ. ಕ್ಯಾಪ್ಟನ್ ಹಾಗೆ ಅನ್ನಲಿಲ್ಲ.

"ಸರಿ ಕಾಕಾ. ಆದರೆ ನಾನು ಈ ಸಲವೂ ಅಕೌಂಟ್ಸಿನಲ್ಲಿ ಹೋದರೆ ನಮ್ಮಪ್ಪ ನನ್ನ ಕಾಲೇಜು ಬಿಡಿಸ್ತಾರೆ. ನನಗೆ ತಿಳಿಯೋ ಹಾಗೆ ಹೇಳೋಳು ಇವಳೊಬ್ಬಳೇ. ಪರೀಕ್ಷೆ ಮುಗಿಯೋವರೆಗಾದರೂ ಇರಲಿ. ಕಾಲು ನೋವಿದ್ದರೆ ನಾನೇ ಸ್ಕೂಟಿ ಮೇಲೆ ಕರಕೊಂಡು ಹೋಗ್ತೀನಿ, ಬಿಡ್ತೀನಿ."

ಅಪ್ಪ ನನ್ನತ್ತ ನೋಡಿದ. "ನೀ ಇಕಿಗೆ ಲೆಕ್ಕ ಕಲಸ್ತೀಯೇನು?"

"ಹೌದಪ್ಪಾ."

"ಇಂಗ್ಲಿಷ್ ಪುಸ್ತಕದಾಗಿಂದು?"

"ಹೌದು."

ಅವರೆಲ್ಲ ಉಂಡು ಹೋದ ಮೇಲೆ ಅಪ್ಪ ಹೇಳಿದ: "ಪರೀಕ್ಷಾ ಬರಿ. ಆಮ್ಯಾಲೆ ಹೋಗೂದು ಬಿಡೂದು ನೋಡೂಣು." ಟಿಕೆಟ್ ರದ್ದಾಯಿತು.

ಆ ವರ್ಷದ ಪಂದ್ಯಗಳಲ್ಲಿ ನಾನು ಆಡಲಿಲ್ಲ. ತಂಡ ಎರಡನೇ ಸುತ್ತಿನಲ್ಲೇ ಸೋತಿತು. ಮೇಡಂ ನನ್ನನ್ನು ಕುರ್ಚಿ ಹಾಕಿ ಗೆರೆಯ ಪಕ್ಕದಲ್ಲಿ ಕೂರಿಸಿ ಸಮಯ ನೋಡುವ ಕೆಲಸ ಕೊಟ್ಟಿದ್ದರು. ತಂಡದ ಟೀ ಶರ್ಟನ್ನೂ ಕೊಟ್ಟರು. ಅಳತೆ ದೊಡ್ಡದಾಗಿತ್ತು. ಅದನ್ನೇ ಹಾಕಿಕೊಂಡು ಕುಂಟುತ್ತ ತರಗತಿಗೂ ಹೋದೆ. ಮೊದಲ ವರ್ಷದವರು ತಂಡದಲ್ಲಿ ನಾಲ್ವರಿದ್ದೆವು. ನಾಲ್ವರೂ ಎರಡನೇ ಬೆಂಚಿನಲ್ಲಿ ಕೂರತೊಡಗಿದೆವು. ಒಂದು ದಿನ ಸರ್ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಬೇಗ ಬೇಗ ಮುಗಿಸಿ ಒರೆಸಲು ಹೋದಾಗ ನಾನು ಎದ್ದು ನಿಂತು, ತಿಳಿಯಲಿಲ್ಲ ಸರ್, ಇನ್ನೊಮ್ಮೆ, ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದು, ತಪ್ಪೂ ಇತ್ತು. ಪಕ್ಕದ ಮೂವರು ಕೂಡಲೇ "ಹೌದು ಸರ್" ಎಂದರು. ಹಿಂದಿನ ಬೆಂಚುಗಳಿಂದಲೂ ಕೆಲವು ದನಿ ಬಂದವು. ಸರ್ ಡಸ್ಟರ್ ಕೆಳಗಿಟ್ಟು ಮೊದಲಿನಿಂದ ಹೇಳಿದರು. ಅಂದಿನ ನಂತರ ಅವರು ಒರೆಸುವ ಮೊದಲು ಒಮ್ಮೆ ನಮ್ಮ ಬೆಂಚಿನತ್ತ ನೋಡುತ್ತಿದ್ದರು.

ಆ ಸಲ ನನ್ನ ಎರಡೂ ವಿಷಯಗಳು ಪಾಸಾದವು. ಅಕೌಂಟ್ಸಿನಲ್ಲಿ ಒಳ್ಳೆಯ ಅಂಕ, ಅರ್ಥಶಾಸ್ತ್ರದಲ್ಲಿ ಅಂಚಿನಲ್ಲಿ. ಕ್ಯಾಪ್ಟನ್‌ಳ ಅಕೌಂಟ್ಸ್ ಕೂಡ ಪಾಸಾಯಿತು. ಅವಳು ಫೋನ್ ಮಾಡಿ ಮಾತನಾಡದೆ ಸುಮ್ಮನೆ ಕಿರುಚಿದಳು. ಧಾರವಾಡದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ರಜೆಗೆ ಮಾವನ ಮನೆಗೆ ಹೋದವಳು ಹತ್ತು ದಿನಕ್ಕೇ ಬೇಸರವಾಗಿ ವಾಪಸು ಬಂದೆ.

ಎಲ್ಲರಿಗೂ ಹೀಗೆ ಆಗಲಿಲ್ಲ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವಳು, ನನ್ನ ಬೆಂಚಿನವಳೇ, ಎರಡನೇ ವರ್ಷದ ನಡುವೆ ಬರುವುದನ್ನು ನಿಲ್ಲಿಸಿದಳು. ಮೊದಲು ಜ್ವರ ಅಂದಳು, ಆಮೇಲೆ ಗುಂಪಿನಲ್ಲಿ ಉತ್ತರ ಕೊಡುವುದನ್ನೂ ಬಿಟ್ಟಳು. ಕಾತ್ರಜದ ಆಚೆ ಇದ್ದ ಅವಳ ಮನೆಗೆ ನಾವು ಹೋದೆವು. ಅವಳ ತಾಯಿ ಚಹಾ ಕೊಟ್ಟು, ಅವಳು ಬಟ್ಟೆಯಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಕಾಲೇಜು ಸಾಕಂತೆ ಎಂದರು. ಅಂಗಡಿಗೂ ಹೋದೆವು. ನಮ್ಮನ್ನು ಕಂಡು ಅವಳಿಗೆ ಸಂತೋಷವಾಯಿತು, ಅದು ಸುಳ್ಳಲ್ಲ. "ನನಗೆ ಇದೇ ಸರಿ" ಎಂದಳು. ನಾವು ಹೋದದ್ದು ತಡವಾಗಿತ್ತೋ, ಅವಳು ಹೇಳಿದ್ದೇ ನಿಜವೋ, ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಗುಂಪಿನಲ್ಲಿ ಇದ್ದೂ ಅವಳು ಹೋದಳು ಎಂಬುದಷ್ಟೇ ಗೊತ್ತು.

ನಾನು ಎಂ.ಕಾಂ. ಮುಗಿಸಿ ಪುಣೆಯಲ್ಲೇ ಒಂದು ಕಾಲೇಜಿನಲ್ಲಿ ಅಕೌಂಟ್ಸ್ ಕಲಿಸುತ್ತಿದ್ದೇನೆ. ಕ್ಯಾಪ್ಟನ್ ಈಗ ಶಾಲೆಯೊಂದರಲ್ಲಿ ಆಟದ ಶಿಕ್ಷಕಿ. ಅವಳ ಮಗಳು ನನ್ನವ್ವನನ್ನು ಅಜ್ಜಿ ಎನ್ನುತ್ತಾಳೆ, ಕನ್ನಡದಲ್ಲಿ.

ನನ್ನ ತರಗತಿಯಲ್ಲಿ ಮೊದಲ ವಾರ ಯಾರಿಗೂ ಎದ್ದು ನಿಂತು ಓದಲು ಹೇಳುವುದಿಲ್ಲ. ನಾಲ್ಕು ನಾಲ್ಕು ಜನರನ್ನು ಕೂರಿಸಿ, ಯಾವ ಭಾಷೆಯಲ್ಲಾದರೂ ಮಾತನಾಡಿ ಒಂದು ಲೆಕ್ಕ ಬಿಡಿಸಿ ಎನ್ನುತ್ತೇನೆ. ಗದ್ದಲವಾಗುತ್ತದೆ. ಪಕ್ಕದ ತರಗತಿಯ ಪ್ರಾಧ್ಯಾಪಕರು ಎರಡು ಸಲ ದೂರಿದ್ದಾರೆ. ಇದರಿಂದ ಎಷ್ಟು ಜನರಿಗೆ ಉಪಯೋಗವಾಗಿದೆ ಎಂದು ನಾನು ಹೇಳಲಾರೆ. ಕೆಲವರು ನಾಲ್ವರಲ್ಲಿ ಕೂತೂ ಒಬ್ಬರೇ ಇರುತ್ತಾರೆ.

ಈ ವರ್ಷ ವಿಜಯಪುರದ ಕಡೆಯಿಂದ ಬಂದ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಆಟ ಬೇಡ, ಹಾಡು ಬೇಡ. ಕಾರಿಡಾರಿನಲ್ಲಿ ಕನ್ನಡದಲ್ಲಿ ಮಾತನಾಡಿಸಿದರೆ "ಆರಾಮ ಅದೀನ್ರಿ ಮೇಡಂ" ಎಂದು ನೆಲ ನೋಡುತ್ತಾಳೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋದವು. ಕಾಲೇಜಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕಗಳಿಗೆ ರಟ್ಟು ಹಾಕಲು ಕೆಲವು ವಿದ್ಯಾರ್ಥಿಗಳು ಶನಿವಾರ ಸೇರುತ್ತಾರೆ. ಕೈ ಸಾಲುತ್ತಿಲ್ಲ, ಬಾ ಎಂದೆ. ನಿಜಕ್ಕೂ ಸಾಲುತ್ತಿರಲಿಲ್ಲ. ಅವಳು ಬಂದಳು. ಮೊದಲ ಶನಿವಾರ ಅಂಟು ಹಚ್ಚಿ ಸುಮ್ಮನೇ ಹೋದಳು. ಹೋದ ವಾರ ನಾನು ಆ ಕಡೆ ಹಾದುಹೋಗುವಾಗ, ಅವಳು ಕತ್ತರಿ ಹಿಡಿದು ಪಕ್ಕದ ಹುಡುಗಿಗೆ ಮೂಲೆ ಮಡಿಸುವುದು ಹೇಗೆಂದು ತೋರಿಸುತ್ತಿದ್ದಳು, ಅರ್ಧ ಹಿಂದಿ, ಅರ್ಧ ಕೈಸನ್ನೆ. ನಾನು ನಿಲ್ಲಲಿಲ್ಲ. ಅವಳ ಆ ಎರಡು ವಿಷಯಗಳಲ್ಲಿ ಒಂದು ಮರುಪರೀಕ್ಷೆಯಲ್ಲಿ ಪಾಸಾಗಿದೆ. ಇನ್ನೊಂದರ ಪರೀಕ್ಷೆ ಮುಂದಿನ ತಿಂಗಳು.